ಕಾಡಿಗೆ ಹತ್ತಿದ ಕಡೆ ಮಾತ್ರ ಉಳಿ

ಕಳೆದ ಶನಿವಾರ ಸಂಜೆ ಕೊನೆಯ ಪಿನ್ನನ್ನು ಮರದೊಳಕ್ಕೆ ತಟ್ಟಿ ಕೂರಿಸಿದೆ. ಹದಿನಾಲ್ಕು ತಿಂಗಳ ಹಿಂದೆ ನನ್ನ ಬಳಿ ಇದ್ದದ್ದು ಒಂದು ಮೇಪಲ್ ಹಲಗೆ, ಒಂದು ಉಕ್ಕಿನ ನಳಿಗೆ, ಡಬ್ಬಿ ತುಂಬ ಹಿತ್ತಾಳೆಯ ಒರಟು ಎರಕಗಳು. ಈಗ ಅದೆಲ್ಲ ಸೇರಿ ಕೋವಿಯಾಗಿ ಗೋಡೆಗೆ ಒರಗಿ ನಿಂತಿದೆ. ಐದಡಿಗೆ ಎರಡು ಇಂಚು ಕಡಿಮೆ ಉದ್ದ, ಮೂರೂವರೆ ಕಿಲೋಗಿಂತ ಚೂರು ಹೆಚ್ಚು ತೂಕ. ಬಾಯಿಯಿಂದ ಮದ್ದು ತುಂಬುವ, ಚಕಮಕಿ ಕಲ್ಲಿನಿಂದ ಕಿಡಿ ಹಾರಿಸುವ, 1770ರ ದಶಕದ ಲ್ಯಾಂಕಾಸ್ಟರ್ ಮಾದರಿಯ ರೈಫಲ್. ನನ್ನ ಕೈಯಿಂದ ಆದ ಮೊದಲನೆಯದು.

ನಾನು ಹುಟ್ಟಿ ಬೆಳೆದದ್ದು ವಿರಾಜಪೇಟೆಯ ಹತ್ತಿರ. ಕೆಲಸದ ಮೇಲೆ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಬಂದು ಒಂಬತ್ತು ವರ್ಷವಾಯಿತು. ಈಗ ಇರುವ ಲ್ಯಾಂಕಾಸ್ಟರ್ ಕೌಂಟಿಯೇ ಈ ಕೋವಿಯ ತವರು ಎಂಬುದು ಇಲ್ಲಿಗೆ ಬಂದ ಮೇಲೆ ತಿಳಿಯಿತು. 18ನೇ ಶತಮಾನದಲ್ಲಿ ಜರ್ಮನ್ ಮಾತನಾಡುವ ಸೀಮೆಗಳಿಂದ ಬಂದ ಕೋವಿ ಕಮ್ಮಾರರು ತಮ್ಮೂರಿನ ಯೇಗರ್ ರೈಫಲ್‌ಗಳನ್ನು ಜೊತೆಯಲ್ಲಿ ತಂದರು. ಅವು ಗಿಡ್ಡ, ದಪ್ಪ, ಬಾಯಿ ದೊಡ್ಡದು. ಇಲ್ಲಿನ ಕಾಡಿನಲ್ಲಿ ತಿಂಗಳುಗಟ್ಟಲೆ ಅಲೆಯುವವನು ತನ್ನ ಮದ್ದನ್ನೂ ಸೀಸವನ್ನೂ ತಾನೇ ಹೊರಬೇಕು. ಬಾಯಿ ಕಿರಿದಾದರೆ ಅದೇ ತೂಕದ ಸೀಸದಲ್ಲಿ ಹೆಚ್ಚು ಗುಂಡು. ಹೀಗೆ ಎರಡು ಮೂರು ತಲೆಮಾರಿನಲ್ಲಿ ಕೋವಿ ತೆಳ್ಳಗಾಯಿತು, ನಳಿಗೆ 42ರಿಂದ 46 ಇಂಚಿನವರೆಗೆ ಬೆಳೆಯಿತು. ಲೋಕ ಇದನ್ನು ಕೆಂಟಕಿ ರೈಫಲ್ ಎಂದು ಕರೆದರೂ ಹೆಚ್ಚಿನವು ಹುಟ್ಟಿದ್ದು ಪೆನ್ಸಿಲ್ವೇನಿಯಾದ ಕುಲುಮೆಗಳಲ್ಲಿ.

ಮುಂದೆ ಹೋಗುವ ಮೊದಲು ಒಂದು ಮಾತು. ಇಲ್ಲಿ 1968ರ ಒಕ್ಕೂಟ ಕಾನೂನು ಇಂಥ ಹಳೆಯ ಮಾದರಿಯ, ಬಾಯಿಯಿಂದ ತುಂಬುವ ಕೋವಿಗಳನ್ನು ಆಧುನಿಕ ಬಂದೂಕುಗಳ ಸಾಲಿನಿಂದ ಹೊರಗಿಟ್ಟಿದೆ. ಕೆಲವು ರಾಜ್ಯಗಳ ನಿಯಮ ಬೇರೆ. ನಮ್ಮಲ್ಲಿ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಯಾವ ಕೋವಿಯನ್ನೂ ತಯಾರಿಸುವಂತಿಲ್ಲ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿದ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ, ಮಾಡುವುದಕ್ಕಲ್ಲ. ಊರಿನಲ್ಲಿ ಕುಳಿತು ಓದುವವರು ಇದನ್ನು ಮರಗೆಲಸದ, ಲೋಹಗೆಲಸದ ಕಥೆಯಾಗಿ ಓದಬೇಕು. ನಿಜಕ್ಕೂ ಇದು ಅದೇ. ನಳಿಗೆಯನ್ನು ನಾನು ಮಾಡಲಿಲ್ಲ. ಅದನ್ನೇ ಕಸುಬಾಗಿ ಮಾಡುವವರಿಂದ ಕೊಂಡದ್ದು. ಅದರ ಬುಡ ಮುಚ್ಚುವ ಕೆಲಸವನ್ನು ನನ್ನ ಗುರುಗಳೇ ಮಾಡಿದರು, ನನಗೆ ಮುಟ್ಟಲು ಬಿಡಲಿಲ್ಲ. ಉಳಿದದ್ದೆಲ್ಲ ಮರಕ್ಕೂ ಲೋಹಕ್ಕೂ ಸಂಬಂಧ ಕೂಡಿಸುವ ಕೆಲಸ. ಹದಿನಾಲ್ಕು ತಿಂಗಳಲ್ಲಿ ಹನ್ನೊಂದು ತಿಂಗಳು ಹೋದದ್ದು ಅದಕ್ಕೇ.

ಗುರುಗಳಿಗೆ ಎಪ್ಪತ್ತು ದಾಟಿದೆ. ಹಳೆಯ ಕಣಜವೊಂದರ ಅರ್ಧಭಾಗ ಅವರ ಕಾರ್ಖಾನೆ. ಪ್ರತಿ ಶನಿವಾರ ಬೆಳಿಗ್ಗೆ ಎಂಟಕ್ಕೆ ಹೋದರೆ ಕತ್ತಲಾದ ಮೇಲೆ ಮನೆಗೆ. ಮೊದಲ ದಿನ ಅವರು ನಳಿಗೆಯನ್ನೂ ತೋರಿಸಲಿಲ್ಲ, ಕಿಡಿ ಹಾರಿಸುವ ಲಾಕನ್ನೂ ತೋರಿಸಲಿಲ್ಲ. ಐದು ಹಲಗೆಗಳನ್ನು ನೆಲಕ್ಕೆ ಹಾಸಿ, ಕೈಗೆ ಒಂದು ಒದ್ದೆ ಬಟ್ಟೆ ಕೊಟ್ಟು, "ಒರೆಸಿ ನೋಡು, ಎಳೆ ಎಲ್ಲಿಂದ ಎಲ್ಲಿಗೆ ಓಡುತ್ತದೆ ಹೇಳು" ಎಂದರು.

ಅಲೆಯೆಳೆಯ ಮೇಪಲ್ ಎಂದರೆ ನಾರುಗಳು ನೇರವಾಗಿ ಹರಿಯದೆ ಅಲೆಅಲೆಯಾಗಿ ಬೆಳೆದ ಮರ. ಒರೆಸಿದ ಕ್ಷಣ ಹುಲಿಯ ಮೈಮೇಲಿನಂತೆ ಅಡ್ಡಪಟ್ಟೆಗಳು ಎದ್ದು ಬರುತ್ತವೆ. ನಾನು ಪಟ್ಟೆ ಹೆಚ್ಚಾಗಿದ್ದ ಹಲಗೆಗೆ ಮರುಳಾಗಿ ಅದನ್ನೇ ಎತ್ತಿಕೊಂಡೆ. ಅವರು ಬೇಡವೆಂದರು. ಪಟ್ಟೆ ಕಣ್ಣಿಗೆ ಮಾತ್ರ; ಉದ್ದೆಳೆ ಕೋವಿಯ ಪ್ರಾಣಕ್ಕೆ. ಬಲಗೈ ಹಿಡಿಯುವ ಸಣ್ಣ ಭಾಗವಿದೆಯಲ್ಲ, ಇಂಗ್ಲಿಷಿನವರು ಅದನ್ನು ಮಣಿಕಟ್ಟು ಎನ್ನುತ್ತಾರೆ. ಇಡೀ ಕೋವಿಯಲ್ಲಿ ಅತಿ ಸಪೂರವಾದ ಜಾಗ ಅದು. ಅಲ್ಲಿ ಮೇಲಿನಿಂದ ನಳಿಗೆಯ ಬಾಲವನ್ನು ಕೂರಿಸಲು ಮರ ತೆಗೆಯುತ್ತೇವೆ, ಬದಿಯಿಂದ ಲಾಕಿಗಾಗಿ ತೆಗೆಯುತ್ತೇವೆ, ಕೆಳಗಿನಿಂದ ಟ್ರಿಗರ್‌ಗಾಗಿ ತೆಗೆಯುತ್ತೇವೆ. ಮಿಕ್ಕ ಮರದಲ್ಲಿ ಎಳೆ ಓರೆಯಾಗಿ ಹೊರಗೆ ಓಡಿದ್ದರೆ ಒಂದು ದಿನ ಅದು ಅದೇ ಓರೆಯಲ್ಲಿ ಸೀಳುತ್ತದೆ.

ಇದನ್ನು ಕೇಳುತ್ತಿದ್ದಂತೆ ನನಗೆ ಅಜ್ಜನ ಕೋವಿ ಕಣ್ಣಮುಂದೆ ಬಂತು. ನಮ್ಮ ಐನ್‌ಮನೆಯ, ಅಂದರೆ ಮನೆತನದ ಮೂಲ ಮನೆಯ, ಗೋಡೆಯಲ್ಲಿ ಒಂದು ಕೇಪಿನ ಕೋವಿ ಇದೆ, ಕಲ್ಲಿನ ಬದಲು ಸಿಡಿಯುವ ಸಣ್ಣ ಕೇಪಿನಿಂದ ಮದ್ದು ಹೊತ್ತಿಸುವಂಥದ್ದು. ಎಲ್ಲಿ ತಯಾರಾದದ್ದೆಂದು ಮನೆಯಲ್ಲಿ ಯಾರಿಗೂ ತಿಳಿಯದು. ಅದರ ಮಣಿಕಟ್ಟಿಗೆ ತಾಮ್ರದ ತಂತಿ ಸುತ್ತಿದೆ, ಒತ್ತೊತ್ತಾಗಿ, ಒಂದು ಗೇಣಿನಷ್ಟು ಉದ್ದಕ್ಕೆ. ಅಜ್ಜ ಹುಡುಗನಾಗಿದ್ದಾಗ ಕೋವಿ ಅಲ್ಲಿ ಮುರಿದಿತ್ತಂತೆ, ಊರಿನ ಆಚಾರಿಯೊಬ್ಬರು ಸರಿಮಾಡಿಕೊಟ್ಟರಂತೆ. ಬಾಲ್ಯದಲ್ಲಿ ಆ ತಂತಿಯನ್ನು ನಾನು ಅಲಂಕಾರವೆಂದೇ ತಿಳಿದಿದ್ದೆ. ಅಲ್ಲೇ ಏಕೆ ಮುರಿಯಿತು ಎಂಬುದು ನಲವತ್ತು ವರ್ಷದ ಮೇಲೆ, ಎಂಟು ಸಾವಿರ ಮೈಲಿ ದೂರದಲ್ಲಿ, ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ಕುಳಿತಾಗ ಅರ್ಥವಾಯಿತು.

ನಾಲ್ಕನೆಯ ಹಲಗೆಯನ್ನು ಆರಿಸಿದೆವು. ಪಟ್ಟೆ ಹದವಾಗಿತ್ತು; ಬುಡದ ಕಡೆ ಎಳೆ ತಾನಾಗಿಯೇ ಕೆಳಗೆ ಬಾಗಿ, ಹೆಗಲಿಗೆ ಒರಗುವ ಭಾಗದ ಇಳಿಜಾರಿಗೆ ಸರಿಯಾಗಿ ಹೊಂದುತ್ತಿತ್ತು. ರಟ್ಟಿನ ಮಾದರಿಯನ್ನು ಅದರ ಮೇಲೆ ಹಿಂದೆ ಮುಂದೆ ಸರಿಸಿ ಗೆರೆ ಎಳೆಯುವುದಕ್ಕೇ ಅರ್ಧ ದಿನ ಹಿಡಿಯಿತು. ಆ ಅರ್ಧ ದಿನದ ಬೆಲೆ ಈಗ ಗೊತ್ತು.

ನಳಿಗೆ ಎಂಟು ಮುಖದ್ದು, 42 ಇಂಚು ಉದ್ದ, ಒಳಬಾಯಿ ಅರ್ಧ ಇಂಚು. ಒಳಗೆ ಏಳು ಗಾಡಿಗಳು, ಅಂದರೆ ಉದ್ದಕ್ಕೆ ಕೊರೆದ ತೋಡುಗಳು, 56 ಇಂಚಿಗೆ ಒಂದು ಸುತ್ತಿನಂತೆ ನಿಧಾನವಾಗಿ ತಿರುಗುತ್ತವೆ. ಅಜ್ಜನ ಕೋವಿಯ ಒಳಮೈ ನುಣುಪು. ಈ ತಿರುವೇ ರೈಫಲ್‌ನ ಗುಟ್ಟು: ಎಣ್ಣೆ ಹಚ್ಚಿದ ಬಟ್ಟೆಯ ತುಂಡಿನಲ್ಲಿ ಸುತ್ತಿದ ಸೀಸದ ಗುಂಡು ಗಾಡಿಗಳನ್ನು ಹಿಡಿದುಕೊಂಡು ಬುಗುರಿಯಂತೆ ತಿರುಗುತ್ತ ಹೊರಬರುತ್ತದೆ, ಹಾಗಾಗಿ ದಾರಿ ತಪ್ಪುವುದಿಲ್ಲ. ನಳಿಗೆಯ ಹೊರಮೈಯೂ ನೇರವಲ್ಲ. ಬುಡದಲ್ಲಿ ಸುಮಾರು ಒಂದು ಇಂಚು ದಪ್ಪ, ನಡುವೆ ಮುಕ್ಕಾಲು ಇಂಚಿಗೆ ಇಳಿದು, ಬಾಯಿಯ ಬಳಿ ಮತ್ತೆ ಚೂರು ಅಗಲ. ಕೈಗೆ ಹಗುರ, ಕಣ್ಣಿಗೆ ಚೆಂದ, ಕೂರಿಸುವವನಿಗೆ ಮಾತ್ರ ಅಗ್ನಿಪರೀಕ್ಷೆ. ಮೈ ಎಲ್ಲೂ ಒಂದೇ ಅಳತೆಯಲ್ಲಿ ಇಲ್ಲದ ಎಂಟು ಮೂಲೆಯ ಕಂಬವನ್ನು ಮರದಲ್ಲಿ ಕೂದಲೆಳೆಯೂ ತೂರದಂತೆ ಹುದುಗಿಸಬೇಕು.

ಕಣ್ಣಿಗೆ ಹಚ್ಚುವ ಕಾಡಿಗೆ ಕೆಲಸಕ್ಕೆ ಬಂದದ್ದು ಇಲ್ಲಿ. ಗುರುಗಳು ಅಂಗಡಿಯ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಸಣ್ಣ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಅದು ಮುಗಿದಾಗ "ಮುಂದಿನ ವಾರ ನಾನು ತರುತ್ತೇನೆ" ಎಂದೆ. ಅಜ್ಜಿ ಮಾಡುತ್ತಿದ್ದ ಹಾಗೆಯೇ ಮಾಡಿದೆ. ಹರಳೆಣ್ಣೆಯ ದೀಪ ಹಚ್ಚಿ, ಎರಡೂ ಬದಿಗೆ ಲೋಟ ಇಟ್ಟು, ಮೇಲೆ ತಾಮ್ರದ ತಟ್ಟೆಯನ್ನು ಮಗುಚಿ, ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ತಟ್ಟೆಯ ತಳದಲ್ಲಿ ಮಖಮಲ್ಲಿನಂಥ ಕಪ್ಪು. ಬೆಣ್ಣೆಚಾಕುವಿನಿಂದ ಕೆರೆದು, ಎರಡು ಹನಿ ಹರಳೆಣ್ಣೆ ಬಿಟ್ಟು, ಬೆರಳಿನಿಂದ ತಿರುವಿದೆ. ಗುರುಗಳು ಅದನ್ನು ಉಗುರಿನ ಮೇಲೆ ಒಂದು ಚೂರು ಹಚ್ಚಿ ಬೆಳಕಿಗೆ ಹಿಡಿದು ನೋಡಿದರು. ಅಂಗಡಿಯದು ಮತ್ತೆ ಆ ಕಾರ್ಖಾನೆಗೆ ಬರಲಿಲ್ಲ.

ಕ್ರಮ ಇಷ್ಟೇ. ನಳಿಗೆಯ ತಳದ ಮುಖಗಳಿಗೆ ಕಾಡಿಗೆಯನ್ನು ತೆಳ್ಳಗೆ, ಕಂಡೂ ಕಾಣದಂತೆ ಹಚ್ಚಬೇಕು. ಮರದಲ್ಲಿ ಕೊರೆದ ಗಾಡಿಯೊಳಕ್ಕೆ ಇಟ್ಟು, ಮೇಲಿನಿಂದ ಮರದ ಕೊಡತಿಯಲ್ಲಿ ಒಂದೆರಡು ಪೆಟ್ಟು. ಎತ್ತಿದರೆ ಮರ ಎಲ್ಲಿ ಉಬ್ಬಿದೆಯೋ ಅಲ್ಲಿ ಕಪ್ಪು ಚುಕ್ಕೆ. ಆ ಚುಕ್ಕೆಯನ್ನು ಮಾತ್ರ ಉಳಿಯಿಂದ ಕೆರೆದು ತೆಗೆಯಬೇಕು, ಸುತ್ತಲಿನದನ್ನು ಮುಟ್ಟಬಾರದು. ಮತ್ತೆ ಹಚ್ಚು, ಇಡು, ತಟ್ಟು, ಎತ್ತು, ಕೆರೆ. ಮೊದಮೊದಲು ಚುಕ್ಕೆಗಳು ಅಲ್ಲೊಂದು ಇಲ್ಲೊಂದು. ವಾರಗಳು ಕಳೆದಂತೆ ಹತ್ತು, ನೂರು, ಕೊನೆಗೆ ಗಾಡಿಯ ಉದ್ದಕ್ಕೂ ಸಮನಾಗಿ ಹರಡಿದ ಬೂದುಬಣ್ಣ. ಅದು ಬಂದ ದಿನ ನಳಿಗೆ ಒಳಗೆ ಇಳಿಯುವಾಗ ಗಾಳಿ ಹಿಸ್ಸೆಂದು ಹೊರಬಿತ್ತು. ಎಷ್ಟು ಸಲ ಇಟ್ಟು ಎತ್ತಿದೆನೋ, ನೂರರ ಮೇಲೆ ಎಣಿಸುವುದನ್ನು ಬಿಟ್ಟೆ.

ಈ ಎರಡು ತಿಂಗಳು ನನ್ನ ಸ್ವಭಾವವನ್ನು ಹಿಡಿದು ಅಲುಗಿಸಿದವು. ಅವಸರ ನನ್ನ ಹುಟ್ಟುಗುಣ. ಒಂದು ಚುಕ್ಕೆ ಕಂಡರೆ ಅದರ ಪಕ್ಕದ್ದನ್ನೂ ಸೇರಿಸಿ ತೆಗೆದುಬಿಡೋಣ ಎನಿಸುತ್ತದೆ. ಹಾಗೆ ತೆಗೆದ ಒಂದು ಜಾಗ, ಬಾಯಿಯಿಂದ ಒಂಬತ್ತು ಇಂಚು ಹಿಂದೆ, ಎಡಬದಿಯಲ್ಲಿ ಈಗಲೂ ಇದೆ: ಮರಕ್ಕೂ ಉಕ್ಕಿಗೂ ನಡುವೆ ಒಂದು ಕಾಗದದಷ್ಟು ಸಂದು, ಎರಡು ಇಂಚು ಉದ್ದ. ಮುಚ್ಚಬಹುದಿತ್ತು. ಗುರುಗಳು ಬೇಡವೆಂದರು, ನನಗೂ ಸರಿ ಎನಿಸಿತು.

ಅದಕ್ಕಿಂತ ದೊಡ್ಡ ತಪ್ಪು ಗಜದ ತೂತಿನಲ್ಲಿ ಆಯಿತು. ಗುಂಡನ್ನು ಒಳಕ್ಕೆ ತಳ್ಳುವ ಗಜ ನಳಿಗೆಯ ಕೆಳಗೆ ಮರದೊಳಗೇ ಮಲಗಿರುತ್ತದೆ. ಮುಂದಿನ ಅರ್ಧ ತೆರೆದ ಗಾಡಿ, ಹಿಂದಿನ ಅರ್ಧ ತೂತು. ನಾಲ್ಕಡಿ ಉದ್ದದ ಡ್ರಿಲ್ಲನ್ನು ಕಣ್ಣಿಗೆ ಕಾಣದ ಮರದೊಳಗೆ ಒಂದಡಿಗೂ ಹೆಚ್ಚು ಓಡಿಸಬೇಕು. ನಳಿಗೆಗೂ ತೂತಿಗೂ ನಡುವೆ ಉಳಿಯಬೇಕಾದ ಮರ ಒಂದು ಇಂಚಿನ ಎಂಟನೇ ಒಂದು ಭಾಗ. ಡ್ರಿಲ್ಲಿಗೆ ತನ್ನದೇ ಮನಸ್ಸಿದೆ. ಅಲೆಯೆಳೆಯ ಗಟ್ಟಿ ಭಾಗ ಬಂದಾಗ ಮೆದು ಕಡೆಗೆ ವಾಲುತ್ತದೆ. ನಾನು ಪ್ರತಿ ಎರಡು ಇಂಚಿಗೂ ನಿಲ್ಲಿಸಿ ಪುಡಿ ತೆಗೆಯಬೇಕಿತ್ತು. ಕೊನೆಯ ಆರು ಇಂಚನ್ನು ಒಂದೇ ಉಸಿರಿನಲ್ಲಿ ಓಡಿಸಿದೆ. ಅಳೆದು ನೋಡಿದರೆ ತೂತು ಎರಡು ಮಿಲಿಮೀಟರ್ ಕೆಳಕ್ಕೆ ಇಳಿದಿತ್ತು. ಮೇಲಕ್ಕೆ ಹೋಗಿದ್ದರೆ ನಳಿಗೆಯ ಗಾಡಿಗೇ ತೂತು ಬಿದ್ದು ಹಲಗೆ ಒಲೆಗೆ ಹೋಗುತ್ತಿತ್ತು. ಕೆಳಕ್ಕೆ ಹೋದದ್ದರಿಂದ ಲಾಕಿನ ಮುಂದಿನ ಭಾಗದಲ್ಲಿ ಹೊಟ್ಟೆಯನ್ನು ಎರಡು ಮಿಲಿಮೀಟರ್ ದಪ್ಪ ಬಿಡಬೇಕಾಯಿತು. ಪಕ್ಕದಿಂದ ನೋಡಿದರೆ ತಿಳಿದವರಿಗೆ ಈಗಲೂ ತಿಳಿಯುತ್ತದೆ. ಹಳೆಯ ಕೋವಿಗಳಲ್ಲೂ ಇದು ಕಾಣುತ್ತದೆ ಎಂದು ಗುರುಗಳು ಎರಡು ಫೋಟೋ ತೋರಿಸಿ ಸಮಾಧಾನ ಹೇಳಿದರು. ಸಮಾಧಾನವಾಗಲಿಲ್ಲ, ಆ ರಾತ್ರಿ ನಿದ್ದೆಯೂ ಬರಲಿಲ್ಲ.

ಲಾಕಿನ ಮಾತಿಗೆ ಬರುತ್ತೇನೆ. ಕಲ್ಲನ್ನು ಕಚ್ಚಿ ಹಿಡಿದು ಮುಂದಕ್ಕೆ ಎರಗುವ ಭಾಗವನ್ನು ನಮ್ಮ ಮನೆಯಲ್ಲಿ ಕುದುರೆ ಎನ್ನುತ್ತಿದ್ದರು. ಇಂಗ್ಲಿಷಿನವರಿಗೂ ಜರ್ಮನರಿಗೂ ಅದು ಹುಂಜ. ಕುತ್ತಿಗೆ ಬಾಗಿಸಿ ಕುಕ್ಕುವ ಭಂಗಿ ನೋಡಿದರೆ ಹುಂಜವೂ ನಿಜ, ಹಿಂದಕ್ಕೆ ಎಳೆದು ಬಿಟ್ಟಾಗ ನೆಗೆಯುವುದನ್ನು ನೋಡಿದರೆ ಕುದುರೆಯೂ ನಿಜ. ನಾನು ಕುದುರೆಯನ್ನೇ ಉಳಿಸಿಕೊಂಡೆ, ಈಗ ಗುರುಗಳ ಬಾಯಲ್ಲೂ "ಕುದ್ರೆ" ಬರುತ್ತದೆ. ಕುದುರೆಯ ಎದುರಿಗೆ ಉಕ್ಕಿನ ಬಾಗಿದ ಫಲಕ, ಅದರ ಕೆಳಗೆ ಒಂದು ಚಿಟಿಕೆ ಮದ್ದು ಹಿಡಿಯುವ ಬಟ್ಟಲು. ಕಲ್ಲು ಫಲಕವನ್ನು ಕೆರೆದಾಗ ಉಕ್ಕಿನ ಸೂಕ್ಷ್ಮ ಸಿಬಿರುಗಳು ಕಿತ್ತು, ಗಾಳಿಯಲ್ಲಿ ಉರಿದು, ಬಟ್ಟಲಿಗೆ ಬೀಳುತ್ತವೆ. ಉರಿಯುವುದು ಕಲ್ಲಲ್ಲ, ಕಬ್ಬಿಣ. ಇದನ್ನು ನಾನು ತಲೆಕೆಳಗಾಗಿ ತಿಳಿದಿದ್ದೆ.

ಲಾಕಿನ ಎರಕಗಳನ್ನು ಕೊಂಡು, ಅರದಿಂದ ಉಜ್ಜಿ, ಒಳಗಿನ ಭಾಗಗಳನ್ನು ಒಂದಕ್ಕೊಂದು ಹೊಂದಿಸಿ ಜೋಡಿಸಿದೆ. ಇಂಗ್ಲೆಂಡಿನ ಬ್ರ್ಯಾಂಡನ್ ಊರಿನ ಕರಿಯ ಚಕಮಕಿ ಕಲ್ಲನ್ನು ತೊಗಲಿನ ತುಂಡಿನಲ್ಲಿ ಮಡಿಸಿ ಕುದುರೆಯ ಬಾಯಿಗೆ ಸಿಕ್ಕಿಸಿದೆ. ದೀಪ ಆರಿಸಿ ಎಳೆದೆ. ಎರಡು ಮೂರು ಸೋಮಾರಿ ಕೆಂಪು ಕಿಡಿ, ಬಟ್ಟಲು ತಲುಪುವ ಮೊದಲೇ ನಂದಿದವು. ಕಲ್ಲನ್ನು ತಿರುಗಿಸಿದೆ, ಬದಲಿಸಿದೆ, ಅದೇ ಕಥೆ. ಗುರುಗಳು ಫಲಕದ ಮೂಲೆಗೆ ಹಳೆಯ ಅರವೊಂದನ್ನು ತಾಗಿಸಿ ಎಳೆದರು. ಅರ ಕಚ್ಚಿತು. ಗಟ್ಟಿಯಾದ ಉಕ್ಕಿನ ಮೇಲೆ ಅರ ಗಾಜಿನ ಮೇಲೆ ಜಾರಿದಂತೆ ಜಾರಬೇಕು. ಫಲಕ ಮೆತ್ತಗಿತ್ತು, ಕಾಯಿಸಿ ಹದ ಮಾಡುವಾಗ ನಾನು ಸಾಕಷ್ಟು ಕಾಯಿಸಿರಲಿಲ್ಲ.

ಮುಂದಿನ ಶನಿವಾರ ಅದನ್ನು ಮೂಳೆ ಇದ್ದಿಲಿನ ಪುಡಿಯಲ್ಲಿ ಹೂತು, ಮುಚ್ಚಿದ ಕಬ್ಬಿಣದ ಡಬ್ಬಿಯಲ್ಲಿಟ್ಟು, ಕಿತ್ತಳೆ ಬಣ್ಣಕ್ಕೆ ಬರುವಂತೆ ಗಂಟೆಗಟ್ಟಲೆ ಕಾಯಿಸಿದೆವು. ಉಕ್ಕು ಇದ್ದಿಲಿನಿಂದ ಇಂಗಾಲವನ್ನು ಕುಡಿಯುತ್ತದೆ. ಡಬ್ಬಿಯಿಂದ ನೇರ ನೀರಿಗೆ. ಚೊರ್ ಎಂದ ಸದ್ದು ಕೇಳಿದಾಗ ಗುಂಡಿಗೆ ಬಾಯಿಗೆ ಬಂತು, ಬಿರುಕು ಬಿಟ್ಟರೆ ಮುಗಿಯಿತು. ಬಿಡಲಿಲ್ಲ. ಒಣಹುಲ್ಲಿನ ಬಣ್ಣ ಬರುವವರೆಗೆ ಮತ್ತೆ ಹದವಾಗಿ ಕಾಯಿಸಿ ಬಿರುಸನ್ನು ಇಳಿಸಿದೆವು. ಆ ರಾತ್ರಿ ದೀಪ ಆರಿಸಿ ಎಳೆದಾಗ ಬಿಳಿಯ ಕಿಡಿಗಳು ಸುರುಸುರುಬತ್ತಿಯಂತೆ ಸಿಡಿದು ಬಟ್ಟಲ ತಳದಲ್ಲಿ ಕುಣಿದವು. ಹತ್ತು ಸಲ ಎಳೆದೆ. ಗುರುಗಳು "ಕಲ್ಲು ಉಳಿಸಿಕೋ" ಎಂದು ಕೈಯಿಂದ ಕಿತ್ತುಕೊಂಡರು.

ಚಳಿಗಾಲವೆಲ್ಲ ರೂಪ ಕೊಡುವ ಕೆಲಸ. ಹಿಂಬದಿಯ ಹಿತ್ತಾಳೆ ಫಲಕ, ಟ್ರಿಗರ್ ಕಾಪು, ಗಜದ ಕೊಳವೆಗಳು ಒಂದೊಂದಾಗಿ ಕಾಡಿಗೆಯ ದಾರಿಯಲ್ಲೇ ಕೂತವು. ನಳಿಗೆಯನ್ನು ಮರಕ್ಕೆ ಹಿಡಿಯುವುದು ತೆಳುವಾದ ಪಿನ್ನುಗಳು. ಅವು ನಳಿಗೆಯ ತಳದ ಕಿವಿಗಳ ಮೂಲಕ ಅಡ್ಡಲಾಗಿ ಹಾಯುತ್ತವೆ. ಆ ಕಿವಿಗಳ ತೂತನ್ನು ದುಂಡಗೆ ಬಿಡದೆ ಉದ್ದಕ್ಕೆ ಎಳೆಯಬೇಕು, ಏಕೆಂದರೆ ಮರ ತೇವಕ್ಕೆ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ, ಉಕ್ಕು ಹಾಗೆ ಆಡುವುದಿಲ್ಲ. ದುಂಡಗೆ ಬಿಟ್ಟರೆ ಒಂದು ಮಳೆಗಾಲಕ್ಕೆ ಮರ ಸೀಳುತ್ತದೆ. ಕೊಡಗಿನ ಜೂನ್ ತಿಂಗಳನ್ನು ಕಂಡವನಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ.

ರೂಪ ಕೊಡುವಾಗ ಹೊಸಬರೆಲ್ಲ ಮಾಡುವ ತಪ್ಪು ಮರವನ್ನು ಉಳಿಸುವುದು. ನನಗೆ ಸಾಕೆನಿಸಿದಾಗಲೆಲ್ಲ ಗುರುಗಳು "ಒಳಗೆ ಇನ್ನೂ ಹಲಗೆ ಇದೆ" ಎನ್ನುತ್ತಿದ್ದರು. ಜೇಕಬ್ಸ್‌ಬರ್ಗ್‌ನ ಲಾಂಗ್‌ರೈಫಲ್ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದ ಮೇಲೆಯೇ ಅದು ಅರ್ಥವಾದದ್ದು. ಹಳೆಯ ಕೋವಿಗಳ ಮುಂಗೈ ಭಾಗದಲ್ಲಿ ನಳಿಗೆಯ ಪಕ್ಕದ ಮರ ಮೊಟ್ಟೆಯ ಚಿಪ್ಪಿನಷ್ಟು ತೆಳ್ಳಗೆ ಕಾಣುತ್ತದೆ. ನಾಜರೆತ್ ಪಟ್ಟಣದ ಆ ಸುತ್ತಮುತ್ತಲೇ ಕ್ರಿಶ್ಚಿಯನ್ ಸ್ಪ್ರಿಂಗ್ ಎಂಬ ಮೊರೇವಿಯನ್ ಪಂಗಡದವರ ನೆಲೆ ಇತ್ತು. ಅಲ್ಲಿ ಕ್ರಿಶ್ಚಿಯನ್ ಓರ್ಟರ್ 1775ರಲ್ಲಿ ಮಾಡಿದ ರೈಫಲ್ಲೊಂದು 1971ರಲ್ಲಿ ವ್ಯಾಲಿ ಫೋರ್ಜ್‌ನಿಂದ ಕಳುವಾಗಿ, ಸುಮಾರು ಅರ್ಧ ಶತಮಾನದ ಮೇಲೆ ಸಿಕ್ಕಿ, 2019ರಲ್ಲಿ ಫಿಲಡೆಲ್ಫಿಯಾದಲ್ಲಿ ಮತ್ತೆ ಜನರ ಕಣ್ಣಿಗೆ ಬಿತ್ತು. ಅದರ ಚಿತ್ರವನ್ನು ನಾನು ಕೆಲಸದ ಮೇಜಿನ ಮುಂದೆ ಅಂಟಿಸಿಕೊಂಡಿದ್ದೆ. ಮನೆಗೆ ಬಂದು ಒರಟು ಅರ ಹಿಡಿದು ಮತ್ತೆ ಒಂದು ಬುಟ್ಟಿ ಪುಡಿ ತೆಗೆದೆ.

ಹಿಂಬದಿಯ ಬಲಗಡೆ, ಬಟ್ಟೆಯ ತುಂಡುಗಳನ್ನು ಇಡುವ ಗೂಡಿಗೆ ಹಿತ್ತಾಳೆಯ ಬಾಗಿಲು. ತಗಡನ್ನು ಕತ್ತರಿಸಿ, ಮಡಿಸಿ, ಐದು ಗೆಣ್ಣಿನ ತಿರುಗಣಿ ಮಾಡಬೇಕು. ಮೂರನೆಯ ಸಲಕ್ಕೆ ಸರಿಬಂತು. ಬಾಗಿಲ ಮೇಲೆ ಏನು ಕೆತ್ತುವುದು ಎಂಬುದಕ್ಕೆ ನನ್ನ ಉತ್ತರ ಮೊದಲೇ ಸಿದ್ಧವಿತ್ತು.

ನಮ್ಮಲ್ಲಿ ಕೈಲ್‌ಪೊಳ್ದ್ ಹಬ್ಬ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುತ್ತದೆ. ಗದ್ದೆಯ ನಾಟಿ ಮುಗಿದ ಮೇಲೆ ಕೋವಿ, ಕತ್ತಿಗಳನ್ನೆಲ್ಲ ತೊಳೆದು, ಒರೆಸಿ, ಐನ್‌ಮನೆಯ ನಡುಕೋಣೆಯಾದ ನೆಲ್ಲಕ್ಕಿ ಬಾಡೆಯಲ್ಲಿ ಸಾಲಾಗಿ ಇಟ್ಟು, ಗಂಧ ಹಚ್ಚಿ ಪೂಜಿಸುತ್ತೇವೆ. ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತೇವೆ. ಬಯಲುಸೀಮೆಯವರು ಅಗ್ನಿಶಿಖೆ ಎನ್ನುವ ಹೂವು. ಆರು ದಳ, ಎಲ್ಲವೂ ಹಿಂದಕ್ಕೆ ಮೇಲಕ್ಕೆ ಸೆಟೆದು, ಅಂಚು ಅಲೆಅಲೆಯಾಗಿ, ತುದಿ ಕೆಂಪು, ಬುಡ ಹಳದಿ. ಲ್ಯಾಂಕಾಸ್ಟರ್ ಮಾದರಿಯಲ್ಲಿ ಬಾಗಿಲಿನ ಮುಂದಿನ ತಗಡಿಗೆ ಡೇಸಿ ಹೂವಿನ ಆಕಾರ ಬರುವುದು ವಾಡಿಕೆ. ಗುರುಗಳು ಸಂಪ್ರದಾಯವನ್ನು ಬಿಡುವವರಲ್ಲ. ಕೆನ್ನೆಗೆ ತಾಗುವ ಕಡೆಯ ಬಳ್ಳಿ ಕೆತ್ತನೆಯನ್ನು ಅವರ ಮಾದರಿಯಂತೆಯೇ ಮಾಡಿದೆ. ಬಾಗಿಲಿನ ಹೂವಿಗೆ ಮಾತ್ರ ಹಠ ಹಿಡಿದೆ. ಹೂವಿನ ಚಿತ್ರವನ್ನೂ ಹಬ್ಬದ ಫೋಟೋವನ್ನೂ ತೋರಿಸಿದಾಗ ಬಹಳ ಹೊತ್ತು ನೋಡಿ, "ಕೋವಿಯ ಬಾಯಿಗೆ ಹೂವು ಇಡುವವರು ನೀವೊಬ್ಬರೇ ಇರಬೇಕು. ಕೆತ್ತು" ಎಂದರು.

ನಳಿಗೆಯ ಮೇಲ್ಮುಖದಲ್ಲಿ ಮಾಡಿದವನ ಹೆಸರು ಬರುತ್ತದೆ. ನಾನು ನಮ್ಮ ಒಕ್ಕದ, ಅಂದರೆ ಮನೆತನದ, ಹೆಸರನ್ನು ಕನ್ನಡದಲ್ಲಿ ಕೆತ್ತಿದೆ. ಕೊಡವರ ಮನೆಹೆಸರುಗಳಲ್ಲಿ ಹಲವು 'ಂಡ' ಎಂದು ಮುಗಿಯುತ್ತವೆ. ಆ ಸೊನ್ನೆ ನನ್ನನ್ನು ಕಾಡಿದಷ್ಟು ಇನ್ನಾವುದೂ ಕಾಡಲಿಲ್ಲ. ಕೆತ್ತುವ ಉಳಿಗೆ ನೇರ ಗೆರೆ ಇಷ್ಟ; ರೋಮನ್ ಅಕ್ಷರಗಳು ಅದಕ್ಕೆ ಹೇಳಿ ಮಾಡಿಸಿದಂತೆ ಇವೆ. ನಮ್ಮ ಅಕ್ಷರಗಳೆಲ್ಲ ದುಂಡು. ಉಳಿಯನ್ನು ತಿರುಗಿಸುವುದಲ್ಲ, ಉಳಿಯನ್ನು ಸ್ಥಿರವಾಗಿ ಹಿಡಿದು ಕೆಲಸವನ್ನು ಅದರ ಕೆಳಗೆ ತಿರುಗಿಸಬೇಕು. ನಲವತ್ತೆರಡು ಇಂಚಿನ ನಳಿಗೆಯನ್ನು ಒಂದು ಸಾಸಿವೆಯಷ್ಟು ಸೊನ್ನೆಗಾಗಿ ಸುತ್ತ ತಿರುಗಿಸುವುದು ಹೇಗೆ? ಕೊನೆಗೆ ನಾನೇ ನಳಿಗೆಯ ಸುತ್ತ ನಡೆದೆ. ಹಿತ್ತಾಳೆ ಚೂರುಗಳ ಮೇಲೆ ಮೂರು ವಾರ ಅಭ್ಯಾಸ ಮಾಡಿ, ನಾಲ್ಕು ಗೀರಿನಲ್ಲಿ ನಳಿಗೆಯ ಮೇಲೆ ಸೊನ್ನೆ ಮುಗಿಸಿದೆ. ಹತ್ತಿರದಿಂದ ನೋಡಿದರೆ ನಾಲ್ಕು ಮೂಲೆ ತಿಳಿಯುತ್ತವೆ. ಆದರೂ ಅದು ಸೊನ್ನೆಯೇ.

ಆಮೇಲೆ ತುಕ್ಕು. ಅಜ್ಜ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆರಡು ಸಲ ಕೋವಿಗೆ ತೆಂಗಿನೆಣ್ಣೆ ಸವರಿ, ಒಲೆಯ ಹೊಗೆ ತಾಗುವ ಕಡೆ ಇಡುತ್ತಿದ್ದರು. ಒಂದು ಚುಕ್ಕೆ ತುಕ್ಕು ಕಂಡರೆ ಮನೆಮಂದಿಗೆಲ್ಲ ಬೈಗುಳ. ಇಲ್ಲಿ ಉಜ್ಜಿ ಬೆಳ್ಳಗೆ ಮಾಡಿದ ನಳಿಗೆಗೆ ದ್ರಾವಣ ಸವರಿ, ತೇವದ ಪೆಟ್ಟಿಗೆಯಲ್ಲಿ ತೂಗುಹಾಕಿ ಬೇಕೆಂದೇ ತುಕ್ಕು ಹಿಡಿಸುತ್ತೇವೆ. ಮರುದಿನ ಒರಟು ಬಟ್ಟೆಯಿಂದ ತಿಕ್ಕಿ ಮೇಲಿನ ಪುಡಿ ತೆಗೆದು ಮತ್ತೆ ಹಿಡಿಸುತ್ತೇವೆ. ಆರು ದಿನಕ್ಕೆ ಹುರಿದ ಕಾಫಿಬೀಜದ ಬಣ್ಣ ಬಂತು. ಬಿಸಿನೀರು, ಅಡುಗೆ ಸೋಡಾ, ಎಣ್ಣೆ. ಅಲ್ಲಿಗೆ ತುಕ್ಕು ನಿಂತು, ಅದೇ ನಳಿಗೆಗೆ ಕವಚವಾಗುತ್ತದೆ. ಅಜ್ಜ ಇದ್ದಿದ್ದರೆ ಇದನ್ನು ಹೇಗೆ ಹೇಳಿ ನಂಬಿಸುತ್ತಿದ್ದೆನೋ.

ಮರಕ್ಕೆ ಬಣ್ಣ ಬಂದ ಗಳಿಗೆಯನ್ನು ಹೇಳದಿದ್ದರೆ ಆಗದು. ಕಬ್ಬಿಣ ಕರಗಿಸಿದ ನೈಟ್ರಿಕ್ ಆಮ್ಲವನ್ನು ಬಯಲಿನಲ್ಲಿ ನಿಂತು, ಕೈಗವಸು ಹಾಕಿಕೊಂಡು, ಬಿಳಿಯ ಮೇಪಲ್‌ಗೆ ಹಚ್ಚಿದೆ. ಒಣಗಿದಾಗ ಕೊಳಕು ಹಳದಿ ಹಸಿರು. ಕೆಟ್ಟುಹೋಯಿತು ಎಂದುಕೊಂಡೆ. ಗುರುಗಳು ಬಿಸಿಗಾಳಿಯ ಯಂತ್ರವನ್ನು ಕೈಗೆ ಕೊಟ್ಟರು. ಬಿಸಿ ತಾಗಿದ ಕಡೆ ಹಸಿರು ಓಡಿಹೋಗಿ ಕೆಂಗಂದು ಬಂತು, ಅದರೊಳಗಿಂದ ಪಟ್ಟೆಗಳು ಒಂದರ ಹಿಂದೊಂದು ಎದ್ದವು. ಯಂತ್ರವನ್ನು ಮುಂದಕ್ಕೆ ಸರಿಸಿದಂತೆ ಹುಲಿ ಪೊದೆಯಿಂದ ಹೊರಬಂದ ಹಾಗೆ. ಅಗಸೆ ಎಣ್ಣೆಯ ಮೊದಲ ಕೈ ಬಿದ್ದ ಮೇಲೆ ಪಟ್ಟೆಗಳು ಬೆಳಕಿಗೆ ತಕ್ಕಂತೆ ಓಡಾಡತೊಡಗಿದವು. ಮರಳುಕಾಗದವನ್ನು ಅವರು ಮರಕ್ಕೆ ತಾಗಿಸಲೂ ಬಿಟ್ಟಿರಲಿಲ್ಲ, ಎಲ್ಲವೂ ಉಕ್ಕಿನ ತಗಡಿನಿಂದ ಕೆರೆದದ್ದು. ಏಕೆಂದು ಆಗ ತಿಳಿಯಿತು. ಕೆರೆದ ಮೈಯಲ್ಲಿ ಅಲೆಯ ಏರಿಳಿತ ಬೆರಳಿಗೂ ಸಿಗುತ್ತದೆ.

ಗುಂಡು ಹಾರಿಸಿದ್ದು ಭಾನುವಾರ ಬೆಳಿಗ್ಗೆ, ಕ್ಲಬ್ಬಿನ ಮೈದಾನದಲ್ಲಿ. ಮೊದಲು ಗುರುಗಳೇ ಅದನ್ನು ಕಟ್ಟೆಗೆ ಕಟ್ಟಿ, ದೂರದಿಂದ ದಾರ ಎಳೆದು ಪರೀಕ್ಷೆ ಮಾಡಿದರು. ಪ್ರತಿ ಇಂಚನ್ನೂ ಅಳೆದು ನೋಡಿದ ಮೇಲೆಯೇ ನನ್ನ ಕೈಗೆ ಬಂತು. ಕ್ಲಿಕ್, ಫುಸ್, ಢಂ. ಮೂರೂ ಒಂದರ ಬೆನ್ನಿಗೊಂದು. ಐವತ್ತು ಗಜ ದೂರದ ಕಾಗದದಲ್ಲಿ ನಡುವಿಗಿಂತ ನಾಲ್ಕು ಬೆರಳು ಎಡಕ್ಕೆ ತೂತು. ನಮ್ಮೂರಿನಲ್ಲಿ ಒಂದು ಗುಂಡು ಹಾರಿದರೆ ಗಂಡುಮಗು ಹುಟ್ಟಿತೆಂದು ಅರ್ಥ, ಬೆನ್ನುಬೆನ್ನಿಗೆ ಎರಡು ಹಾರಿದರೆ ಸಾವು. ಎರಡನೆಯ ಗುಂಡಿಗೆ ಮೊದಲು ನಳಿಗೆಯನ್ನು ಎರಡು ಸಲ ಒರೆಸಿ, ಸಾಕಷ್ಟು ಹೊತ್ತು ಬಿಟ್ಟೆ.

ಆ ಸಂಜೆ ಫೋಟೋಗಳನ್ನು ಊರಿಗೆ ಕಳುಹಿಸಿದೆ. ತಮ್ಮ ಆಗಲೇ ಕೈಲ್‌ಪೊಳ್ದ್‌ಗೆಂದು ಅಜ್ಜನ ಕೋವಿಯನ್ನು ಗೋಡೆಯಿಂದ ಇಳಿಸಿದ್ದನಂತೆ. ತಂತಿ ಹಸಿರುಗಟ್ಟಿ ಸಡಿಲವಾಗಿತ್ತು, ಬದಲಿಸೋಣವೆಂದು ಪೂರ್ತಿ ಬಿಚ್ಚಿದ್ದಾನೆ. ಅದರ ಚಿತ್ರ ಕಳುಹಿಸಿದ.

ದೊಡ್ಡದು ಮಾಡಿ ನೋಡಿದೆ. ಮುಂದಿನ ಹಳೆಯ ಮರದಲ್ಲಿ ಎಳೆ ಓರೆಯಾಗಿ ಹೊರಗೆ ಓಡಿದೆ, ಮುರಿದದ್ದು ಅದೇ ಓರೆಯಲ್ಲಿ. ಹಿಂದಿನ ಭಾಗ ಬೇರೆ ಮರ, ಕಪ್ಪು ಗೆರೆಯ ಬೀಟೆ. ಆಚಾರಿ ಹಿಂಬದಿಯನ್ನು ಪೂರ್ತಿ ಹೊಸದಾಗಿ ಮಾಡಿ, ಒಂದು ಗೇಣು ಉದ್ದದ ಇಳಿಜಾರು ಬೆಸುಗೆಯಲ್ಲಿ ಹಳೆಯದಕ್ಕೆ ಕೂಡಿಸಿದ್ದಾರೆ. ಬೀಟೆಯ ಎಳೆ ಮಣಿಕಟ್ಟಿನ ಬಾಗಿನ ಜೊತೆ ತಾನೂ ಬಾಗಿ ಹೆಗಲ ಕಡೆಗೆ ಇಳಿದಿದೆ. ಅಂಥ ತುಂಡಿಗಾಗಿ ಅವರು ಎಷ್ಟು ಮರ ತಿರುವಿ ನೋಡಿದ್ದರೋ. ಒಂದು ಕಡೆ ಅಂಟು ಬಿಟ್ಟು ಬೆಸುಗೆ ಕೂದಲೆಳೆಯಷ್ಟು ಬಾಯಿ ತೆರೆದಿತ್ತು. ತಮ್ಮ ಅಲ್ಲಿ ಬೆರಳಿಟ್ಟು ಇನ್ನೊಂದು ಚಿತ್ರ ತೆಗೆದಿದ್ದ.

"ಅಣ್ಣ, ಒಳಗೆಲ್ಲ ಮಸಿಯಂಥ ಕಪ್ಪು ಇದೆ. ಚುಕ್ಕೆ ಚುಕ್ಕೆಯಾಗಿ. ಕೊಳೆ ಇರಬೇಕು, ಸೀಮೆಎಣ್ಣೆ ಹಾಕಿ ಒರೆಸಿಬಿಡಲೇ?"

"ಒರೆಸಬೇಡ" ಎಂದೆ. "ಅಂಟು ಹಾಕಿ, ಹೊಸ ತಂತಿಯನ್ನು ಅದರ ಮೇಲೆಯೇ ಸುತ್ತು."